ಮಾತಾಡದ ತೋಟಾ

"ಅಪ್ಪನ ಕೋವಿ ಬಂತು, ಅಪ್ಪನ ಅಂಗಿ ಬಂತು, ಅಪ್ಪನ ಕೈ ಮಾತ್ರ ಬರ್ಲಿಲ್ಲ ನೋಡಿ ಈ ದಂಡಪಿಂಡಕ್ಕೆ!" ಎಂದು ಸುಲೊ ಚಿಕ್ಕಪ್ಪ ಬೇಟೆಮನೆಯ ಒಲೆಗೆ ಬೆನ್ನು ಕಾಯಿಸುತ್ತ ಎಲ್ಲರೆದುರು ಹೇಳಿ, ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸಿದ. ಒಲೆಯ ಮೇಲಿನ ತಂತಿಯಲ್ಲಿ ಒಣಗುತ್ತಿದ್ದ ಉಣ್ಣೆ ಕಾಲುಚೀಲಗಳ ಕೆಳಗೆ ಕೂತವರೆಲ್ಲ ನಕ್ಕರು. ತೌನೊ ನಕ್ಕವರ ಮುಖ ನೋಡಲಿಲ್ಲ, ಬೂಟುಗಳನ್ನು ನೋಡಿದ. ಬೂಟುಗಳಿಂದ ಕರಗಿದ ಹಿಮ ಹಲಗೆ ನೆಲದ ಮೇಲೆ ಸಣ್ಣಗೆ ಹರಿದು ಚಿಕ್ಕಪ್ಪನ ಕಾಲಿನಿಂದ ಅವನ ಕಾಲಿನ ಕಡೆಗೇ ಬರುತ್ತಿತ್ತು. ಈ ಮನೆಯ ನೆಲ ಈ ಮೂಲೆಗೆ ವಾಲಿದೆ; ಅಪ್ಪ ಬದುಕಿದ್ದಾಗಲೂ ವಾಲಿತ್ತು. ಆದರೆ ಅಪ್ಪ ಈ ಮೂಲೆಯಲ್ಲಿ ಯಾವತ್ತೂ ನಿಂತವನಲ್ಲ. ಅಪ್ಪನ ಜಾಗ ಕಿಟಕಿಯ ಹತ್ತಿರ, ಕಾಫಿಯನ್ನು ಬಸಿಗೆ ಸುರಿದುಕೊಂಡು, ಸಕ್ಕರೆಯ ಗಟ್ಟಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಬೇರೆಯವರ ಅಂಗಿಯ ಬಾಲ ಕತ್ತರಿಸುವುದನ್ನು ನೋಡುತ್ತ ಕೂರುವ ಜಾಗ.

ಜಿಂಕೆಗೆ ಗುರಿ ತಪ್ಪಿದವನ ಅಂಗಿಯ ಹಿಂದಿನ ಬಾಲ ಕತ್ತರಿಸಿ, ಅದರ ಮೇಲೆ ಅವನ ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯುವುದು ಇಲ್ಲಿಯ ಕಾನೂನು. ಗೋಡೆ ತುಂಬ ಚೌಕಳಿ ಬಟ್ಟೆಯ ತುಂಡುಗಳು, ಹೊಗೆ ಹಿಡಿದು ಎಲ್ಲ ಒಂದೇ ಬಣ್ಣ. ಸುಲೊ ಚಿಕ್ಕಪ್ಪನ ಹೆಸರಿನವೇ ಎಷ್ಟೋ ಇವೆ. ಅಪ್ಪನ ಹೆಸರಿನದು, ಯಾಲ್ಮರಿ ಎಂಬುದು, ಒಂದೂ ಇಲ್ಲ. ಹೊಸಬರು ಬಂದರೆ ಆ ಇಲ್ಲದ ತುಂಡನ್ನೇ ಬೆರಳು ಮಾಡಿ ತೋರಿಸುತ್ತಾರೆ: ಯಾಲ್ಮರಿ ತನ್ನ ಕೋವಿಯ ತೋಟಾ ತಾನೇ ಮಾಡ್ಕೊಳ್ತಿದ್ದ, ನಮಗೂ ಮಾಡಿ ಕೊಡ್ತಿದ್ದ, ಎಂಥಾ ಕೈ ಅಂತೀರಾ!

"ಒಂದ್ನಿಮಿಷ ಸುಲೊ," ಎಂದ ಮುದುಕ ಪೆಂಟಿ. ಕಣ್ಣು ಮಂಜಾದ ಮೇಲೆ ಅವನು ಕಾಡಿಗೆ ಹೋಗುವುದನ್ನು ಬಿಟ್ಟು ಬೇಟೆಮನೆಯಲ್ಲಿ ಎಲ್ಲರಿಗೂ ಅಡುಗೆ ಮಾಡಿ ಹಾಕುತ್ತಿದ್ದ. ನ್ಯಾಯ ಹೇಳುವ ಕೆಲಸವೂ ಅವನದೇ. "ತಪ್ಪಿದ್ರೆ ಅಲ್ವೇನೋ ಬಾಲ ಕತ್ತರಿಸೋದು? ಇವನ ಗುಂಡು ಕೋವಿ ಬಿಟ್ಟು ಆಚೆಗೇ ಬಂದಿಲ್ಲ. ಮನೆ ಬಿಟ್ಟು ಹೊರಡದೇ ಇರೋನು ದಾರಿ ತಪ್ಪಿದ ಅನ್ನೋಕಾಗುತ್ತಾ?"

"ಹಂಗಾದ್ರೆ ಬಾಲ ಬೇಡ, ಪೂರ್ತಿ ಅಂಗೀನೇ ಕಿತ್ಕೊಳ್ಳೋಣ," ಎಂದ ಸುಲೊನ ಮಗ ರೇಮಂಡ್. ಬೆಳಿಗ್ಗೆ ನಡೆದದ್ದನ್ನು ಎದುರಿನ ದಿಬ್ಬದಿಂದ ಕಣ್ಣಾರೆ ನೋಡಿದವನು ಅವನೇ. ನೋಡಿದ್ದನ್ನು ಆಗಲೇ ಬೇಕಾದಷ್ಟು ಸಲ ಹೇಳಿಯೂ ಆಗಿತ್ತು. "ಜಿಂಕೆ ಇವನನ್ನ ನೋಡ್ತು ಪೆಂಟಿ ಮಾವ. ನಿಂತ್ಕೊಂಡು ನೋಡ್ತು. ಇವನೂ ಜಿಂಕೇನ ನೋಡ್ದ. ಇಬ್ರಿಗೂ ಮದುವೆ ಮಾತುಕತೆ ಅಂತ ನಾನು ಸುಮ್ನಾದೆ."

ನಗು ಎದ್ದಿತು. ಕತ್ತರಿಯ ತಣ್ಣನೆಯ ಕಬ್ಬಿಣ ಬೆನ್ನಿನ ಕೆಳಗೆ ತಾಗಿದಾಗ ತೌನೊಗೆ ಮುಷ್ಟಿ ಬಿಗಿಯಾಯಿತು. ಶಾಲೆಯಲ್ಲಿ ಕೊನೆಯ ದಿನ ಹೀಗೇ ಬಿಗಿದಿತ್ತು. ಮೇಷ್ಟರ ಮೇಜಿನ ಗಾಜು ಒಡೆದು ಮನೆಗೆ ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ಮರದ ಮಿಲ್ಲಿನಲ್ಲೂ ಹೀಗೇ. ಈಗ ಮಾತ್ರ ಮುಷ್ಟಿಯೊಳಗೆ ಒಂದು ಗುಂಡು ಇತ್ತು, ಅದಕ್ಕೇ ಮುಷ್ಟಿ ಎತ್ತಲಾಗಲಿಲ್ಲ. ಬಟ್ಟೆ ಹರಿಯುವ ಸದ್ದು ಬಂತು. ಅದು ಅಪ್ಪನ ಕೆಂಪು ಚೌಕಳಿ ಅಂಗಿ. ಮೊಣಕೈಯಲ್ಲಿ ಅಮ್ಮ ತೇಪೆ ಹಾಕಿದ್ದಳು, ಹೊಲಿಗೆ ಇದ್ದದ್ದೇ ಗೊತ್ತಾಗದ ಹಾಗೆ.

ಬೆಳಿಗ್ಗೆ ಕೋವಿ 'ಢಂ' ಎನ್ನಲಿಲ್ಲ. 'ಟಪ್' ಎಂದಿತು, ಯಾರೋ ಪಕ್ಕದ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ಹಾಕಿದ ಹಾಗೆ. ಕವಲುಕೊಂಬಿನ ಗಂಡುಜಿಂಕೆ ತಲೆ ಎತ್ತಿತು. ಅದರ ಮೂಗಿನಿಂದ ಹೊರಟ ಉಸಿರಿನ ಹೊಗೆಯೂ ಅವನಿಗೆ ಕಾಣುತ್ತಿತ್ತು. ಕೈ ತಾನಾಗಿಯೇ ಹಿಡಿಕೆ ಎಳೆದು ಇನ್ನೊಂದು ತೋಟಾ ಏರಿಸಲು ಹೊರಟಿತ್ತು. ಏರಿಸಿ ಬೆರಳಲ್ಲಿ ಕೋವಿಯ ಕುದುರೆ ಎಳೆದಿದ್ದರೆ ಮುಗಿದೇ ಹೋಗುತ್ತಿತ್ತು. ಮೊದಲಿನ ಗುಂಡು ನಳಿಗೆಯ ಬುಡದಲ್ಲೇ ಸಿಕ್ಕಿಕೊಂಡಿತ್ತು, ಎರಡನೆಯದು ಅದಕ್ಕೆ ಹೋಗಿ ಬಡಿದು, ನಳಿಗೆ ಸೀಳಿ ಅವನ ಮುಖಕ್ಕೇ ಹಾರುತ್ತಿತ್ತು. ಸಣ್ಣ ಸದ್ದು ಬಂದ್ರೆ ಕೈ ತೆಗಿ. ಜಿಂಕೆ ಹೋದ್ರೆ ಹೋಗ್ಲಿ, ಕೈ ತೆಗಿ. ಅದನ್ನು ಹೇಳಿಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವ ಹಾಗೂ ಇಲ್ಲ. ಅವನು ಕೈ ತೆಗೆದ. ಜಿಂಕೆ ಅವಸರವಿಲ್ಲದೆ ಹೊರಟುಹೋಯಿತು. ಬೇಟೆಮನೆಗೆ ಬಂದು, ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ, ನಳಿಗೆಯ ತುದಿಯಿಂದ ಸಲಾಕೆ ತೂರಿಸಿ ಮೆಲ್ಲಗೆ ತಟ್ಟಿದ. ಗುಂಡು ಅಂಗೈಗೆ ಬಿತ್ತು. ಖಾಲಿ ಹಿತ್ತಾಳೆಯ ಕೊಳವೆಯನ್ನು ಸುಲೊ ಕಿತ್ತುಕೊಂಡು ಒಳಗೆ ಇಣುಕಿ, ಮೂಸಿ ನೋಡಿದ್ದ. "ಮದ್ದೇ ಹಾಕಿಲ್ಲ ಕಣ್ರೋ! ಹಿಂದೆ ಕಿಡಿ ಹಾರಿಸೋ ಕೇಪು ಇಟ್ಟಿದಾನೆ, ಮುಂದೆ ಗುಂಡು ಕೂರಿಸಿದಾನೆ, ನಡುವೆ ಮದ್ದು ಹಾಕೋದನ್ನೇ ಮರ್ತಿದಾನೆ. ಪುಡಿ ಹಾಕ್ದೆ ಕಾಫಿ ಕಾಸೋ ಮುಂಡೇದು!"

ಅವನು ಹಾಕಿರಲಿಲ್ಲ, ಅದು ನಿಜ. ಅವನು ಯಾವತ್ತೂ ಒಂದು ತೋಟಾಕ್ಕೂ ಮದ್ದು ಹಾಕಿದವನಲ್ಲ. ಅಪ್ಪನೂ ಅಲ್ಲ. ತಾಮ್ರದ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದು ಹಿಡಿದು ಅಪ್ಪನ ಕೈ ಹೋಗಿಬಿಟ್ಟಿತ್ತು. ಕೋವಿ ಎತ್ತಿ ಹೆಗಲಿಗೆ ಒತ್ತಿಕೊಂಡರೆ ಬಂಡೆಯಂತೆ ನಿಲ್ಲುತ್ತಿದ್ದ ಅದೇ ಕೈ, ಚಮಚ ಹಿಡಿದರೆ ಸಾರು ಚೆಲ್ಲುತ್ತಿತ್ತು. ಚಿಟಿಕೆ ಮದ್ದನ್ನು ತಕ್ಕಡಿಗೆ ಸುರಿಯುವುದೆಲ್ಲಿಂದ ಬಂತು? ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಮೋಟು ಬೆಂಚು, ಅದರ ಅಂಚಿಗೆ ಬಿಗಿದ ತೋಟಾ ಒತ್ತುವ ಯಂತ್ರ, ಶಾವಿಗೆ ಒರಳಿಗೆ ಉದ್ದ ಹಿಡಿಕೆ ಕೂರಿಸಿದಂಥದ್ದು. ಅದರ ಮುಂದೆ ಅಮ್ಮ. ಐಲಿ ಎಂಬ ಅವಳ ಹೆಸರು ಈ ಬೇಟೆಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. 'ಅತ್ತಿಗೆ', 'ಯಾಲ್ಮರಿ ಹೆಂಡ್ತಿ', ಅಷ್ಟೇ. ಹೆಂಗಸು ದಾಟಿದ ಕೋವಿಗೆ ಬೇಟೆ ಬೀಳುವುದಿಲ್ಲ, ಹೆಂಗಸು ಮುಟ್ಟಿದ ಗುಂಡು ನೆಟ್ಟಗೆ ಹೋಗುವುದಿಲ್ಲ ಎಂದು ನಂಬಿದ ಈ ಗಂಡಸರೆಲ್ಲ ಇಷ್ಟು ವರ್ಷ ಕೊಂದ ಜಿಂಕೆಗಳನ್ನು ಅವಳ ತೋಟಾದಿಂದಲೇ ಕೊಂದಿದ್ದರು.

ಶರತ್ಕಾಲದ ಭಾನುವಾರಗಳು. ಸೌನಾದ ಹಬೆಯಲ್ಲಿ ಮಿಂದು ಬಂದ ಮೈ ಇನ್ನೂ ಬೆಚ್ಚಗಿರುವಾಗಲೇ ಅಮ್ಮ ಕಿಟಕಿ ಮುಚ್ಚುತ್ತಿದ್ದಳು, ಗಾಳಿಗೆ ತಕ್ಕಡಿಯ ಮುಳ್ಳು ಅಲ್ಲಾಡಬಾರದೆಂದು. ರೇಡಿಯೋ ಬಂದ್. ಮಾತು ಬಂದ್. ಬೆಂಚಿನ ಮುಂದೆ ಕೂತವಳ ಹತ್ತಿರ ಮಾತಾಡಬಾರದೆಂಬುದು ಅವಳ ಒಂದೇ ಒಂದು ಕಟ್ಟಳೆ. ಉಳಿದ ವಿಷಯದಲ್ಲಿ ಮನೆ ಅಪ್ಪನದು. ಒಲೆಯೊಳಗೆ ಏಲಕ್ಕಿ ಬ್ರೆಡ್ಡು, ಬೆಂಚಿನ ಮೇಲೆ ಹಿತ್ತಾಳೆ, ಎಣ್ಣೆ, ಮದ್ದು. ಈ ವಾಸನೆಗಳನ್ನು ಬೇರೆ ಬೇರೆ ಮಾಡಲು ಅವನಿಗೆ ಇವತ್ತಿಗೂ ಬರುವುದಿಲ್ಲ. ಯಾರದೋ ಮನೆಯಲ್ಲಿ ಏಲಕ್ಕಿ ಬ್ರೆಡ್ಡು ಕೊಟ್ಟರೆ ಏನೋ ಕಡಿಮೆಯಾಗಿದೆ ಅನ್ನಿಸುತ್ತದೆ. ಸುಟ್ಟ ಕೊಳವೆಯನ್ನು ಬಟ್ಟೆಯಲ್ಲಿ ಉಜ್ಜುವುದು, ಎಣ್ಣೆ ಬೆರಳು ಸವರಿ ಯಂತ್ರಕ್ಕಿಟ್ಟು ಹಿಡಿಕೆ ಒತ್ತಿ ಮತ್ತೆ ಹಳೆಯ ಆಕಾರಕ್ಕೆ ತರುವುದು, ಹೊಸ ಕೇಪು ಕೂರಿಸುವುದು, ಉಸಿರು ಹಿಡಿದು ಮದ್ದು ತೂಗುವುದು, ಮೇಲೆ ಗುಂಡು. ಎಲ್ಲ ಆದ ಮೇಲೆ ತೋಟಾವನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಣಗಿದ ಬೀಜದ ಕಾಯಿಯ ಹಾಗೆ ಒಳಗೆ ಮದ್ದು ಸರಸರ ಎನ್ನುತ್ತಿತ್ತು. "ಮಾತಾಡ್ತು," ಎಂದು ತನಗೇ ಹೇಳಿಕೊಂಡು ಪೆಟ್ಟಿಗೆಗೆ ಹಾಕುತ್ತಿದ್ದಳು. ಅಪ್ಪ ಪಕ್ಕದಲ್ಲಿ ಪೇಪರ್ ಹಿಡಿದು ಕಾವಲು ಕೂತಿರುತ್ತಿದ್ದ. ಅಂಗಳದಲ್ಲಿ ಹೆಜ್ಜೆ ಕೇಳಿದರೆ ಸಾಕು, ಅಮ್ಮ ಎದ್ದು ಒಲೆಯ ಮುಂದೆ, ಅಪ್ಪ ಅವಳ ಕುರ್ಚಿಯಲ್ಲಿ. ಬಂದ ಸುಲೊ ಬಾಗಿಲಲ್ಲೇ ನಿಂತು, "ನೋಡು, ನೋಡು, ಅಣ್ಣ ಕೂತಿರೋದು ನೋಡು, ಗಡಿಯಾರ ರಿಪೇರಿ ಮಾಡೋನ ಹಾಗೆ!" ಎನ್ನುತ್ತಿದ್ದ. ಅಪ್ಪ ನಡುಗುವ ಕೈಯನ್ನು ಹಿಡಿಕೆಯ ಮೇಲೆ ಗಟ್ಟಿಯಾಗಿ ಊರಿ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಅಮ್ಮ ಕಾಫಿ ಬಗ್ಗಿಸುತ್ತಿದ್ದಳು, ಮುಖದಲ್ಲಿ ಏನೂ ಇಲ್ಲದೆ. ಸುಲೊ ಹೋದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನಗುತ್ತಿದ್ದರು. ಆ ನಗು! ಮನೆಯಲ್ಲಿ ಹಣವಿಲ್ಲ, ಗಣಿ ಮುಚ್ಚುವ ಸುದ್ದಿ, ಎಲ್ಲದರ ಕೆಳಗೆ ಆ ನಗು ಕಳ್ಳ ಒರತೆಯ ಹಾಗೆ ಹರಿಯುತ್ತಿತ್ತು. ಅಪ್ಪ ಸತ್ತ ಮೇಲೆ ಹೆಜ್ಜೆ ಕೇಳಿದರೆ ಎದ್ದು ಆ ಕುರ್ಚಿಯಲ್ಲಿ ಕೂರುವ ಕೆಲಸ ತೌನೊನದಾಯಿತು. ಅವನು ಕೂತ. ನಗಲಿಲ್ಲ.

"ಏಯ್, ನಿನ್ನನ್ನೇ," ಎಂದ ಸುಲೊ. ಕತ್ತರಿಸಿದ ತುಂಡನ್ನು ಮೇಜಿನ ಮೇಲೆ ಹರವಿ, ಪೆನ್ಸಿಲ್ಲಿಗೆ ಎಂಜಲು ಹಚ್ಚಿ ತೌನೊ ಎಂದು ಬರೆಯುತ್ತಿದ್ದ. "ಮುಂದಿನ ಭಾನುವಾರ ಆ ಯಂತ್ರಾನ ನಮ್ಮನೆಗೆ ತಂದಿಡು. ನನ್ನಣ್ಣಂದು ಅದು. ನಿನ್ ಕೈಲಿ ಇದ್ರೆ ಒಂದಿನ ಯಾರ್ದಾದ್ರೂ ಮುಖ ಹಾರುತ್ತೆ. ಅತ್ತಿಗೆಗೆ ಅದ್ರಿಂದ ಏನಾಗ್ಬೇಕು, ಅಡುಗೆಮನೇಲಿ ಜಾಗ ಆಗುತ್ತೆ ಅವ್ರಿಗೂ."

ಜಾಗ ಆಗುತ್ತೆ. ಯಂತ್ರ ತೆಗೆದ ಬೆಂಚು, ಬೆಂಚಿನ ಅಂಚಿನಲ್ಲಿ ತಿರುಪು ಕಚ್ಚಿದ ಗುರುತು, ಅದರ ಮುಂದೆ ಸುಮ್ಮನೆ ಕೈ ಮಡಚಿ ಕೂತ ಅಮ್ಮ. ತೌನೊಗೆ ಅದೆಲ್ಲ ಕಣ್ಣೆದುರಿಗೇ ಕಂಡಿತು.

"ತಡಿ ಮಾರಾಯ," ಎಂದ ಪೆಂಟಿ. ದನಿ ತಗ್ಗಿಸಿ ತೌನೊನ ಕಡೆ ಬಾಗಿದ. "ಯಾಲ್ಮರಿ ಕಾಲದ ಹಳೇ ತೋಟಾನೇನೋ ಅದು? ಇದ್ರೂ ಇರ್ಬಹುದು. ಕೊನೆಕೊನೆಗೆ ಅವನಿಗೂ ಹುಷಾರಿರ್ಲಿಲ್ಲ. ಹಂಗಿದ್ರೆ ಹೇಳ್ಬಿಡು. ಸತ್ತವರಿಗೇನೋ ಅವಮಾನ?"

ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಗೋಡೆಯಲ್ಲಿ ಇಲ್ಲದೇ ಇದ್ದ ಅಪ್ಪನ ಹೆಸರಿನ ಆ ಒಂದು ತುಂಡು ಆಗ ಬಂದು ನೇತಾಡುತ್ತಿತ್ತು. ಇನ್ನೊಂದು ಮಾತೂ ಇತ್ತು, ನಾಲಿಗೆಯ ತುದಿಯಲ್ಲೇ: ಅಯ್ಯಾ ಗಂಡಸರೇ, ನಿಮ್ಮ ಜಿಂಕೆಗಳನ್ನೆಲ್ಲ ಹೊಡೆದವಳು ನಮ್ಮಮ್ಮ. ಒಂದೇ ಮಾತು, ಸುಲೊನ ಕೈಯ ಪೆನ್ಸಿಲ್ ಕೆಳಗೆ ಬೀಳುತ್ತಿತ್ತು. ಆಮೇಲೆ? ಆಮೇಲೆ ನಗು. ಹೆಂಗಸಿನ ತೋಟಾ, ಅದಕ್ಕೇ ಹಾರಲಿಲ್ಲ. ಇಷ್ಟು ವರ್ಷ ಹಾರಿದ್ದನ್ನು ಯಾರು ಲೆಕ್ಕಕ್ಕೆ ತಗೊಳ್ಳುತ್ತಾರೆ, ಹಾರದ ಈ ಒಂದನ್ನೇ ಹಿಡಿದುಕೊಳ್ಳುತ್ತಾರೆ.

ಅದೂ ಅಲ್ಲದೆ, ಆ ಒಂದು ಯಾಕೆ ಹಾರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಕಳೆದ ವಾರ ಮಿಲ್ಲಿನ ಮೇಸ್ತ್ರಿ ಜನರೆದುರು 'ಶಾಲೆ ಬಿಟ್ಟ ಗೂಳಿ' ಅಂದದ್ದಕ್ಕೆ ದಿಮ್ಮಿ ಉರುಳಿಸುವ ಮಾರುದ್ದದ ಕೊಕ್ಕೆಯನ್ನು ಅವನ ಕಾಲ ಬಳಿ ಎಸೆದು ಕೆಲಸ ಬಿಟ್ಟು ಬಂದಿದ್ದ. ಅಮ್ಮ ಬೆಂಚಿನ ಮುಂದೆ ಕೂತು ಅವನಿಗಾಗಿಯೇ ಈ ತೋಟಾಗಳನ್ನು ಮಾಡುತ್ತಿದ್ದಳು. ಕಟ್ಟಳೆ ಮರೆತು ಬಾಗಿಲಲ್ಲೇ, "ಅಮ್ಮ, ಕೆಲ್ಸ ಬಿಟ್ಟೆ," ಎಂದ. ಅವಳು ತಿರುಗಲಿಲ್ಲ. "ಬಿಟ್ಟೆ ಅಂದೆ. ಬಯ್ಯೋದಿದ್ರೆ ಬಯ್ದುಬಿಡು." ಬೆನ್ನು ಅಲ್ಲಾಡಲಿಲ್ಲ. ಆಮೇಲೆ ಅವನು ಕಿರುಚಿದ. ಅಪ್ಪನ ಹೆಣದ ಮುಂದೆಯೂ ನಿನ್ನ ಬಾಯಿಂದ ಒಂದು ಮಾತು ಬರಲಿಲ್ಲ, ನೀನು ಕಲ್ಲು, ನಿನಗೆ ಈ ಹಿತ್ತಾಳೆ ಮೇಲಿರುವ ಪ್ರೀತಿ ಮನುಷ್ಯರ ಮೇಲಿಲ್ಲ. ಏನೇನು ಅಂದಿದ್ದ! ಅವಳು ಮುಗಿದ ತೋಟಾ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದಳು. ಆ ತಲೆಯಾಟ ಅವನನ್ನು ಸುಟ್ಟುಹಾಕಿತು. ಬಾಗಿಲು ಬಡಿದುಕೊಂಡು ಹೋದ. ಈಗ ಗೊತ್ತಾಗುತ್ತಿದೆ: ಆ ಕಿರುಚಾಟದ ನಡುವೆಯೇ ಅವಳ ಕೈ ಮದ್ದು ಹಾಕುವುದನ್ನು ಮರೆತಿತ್ತು. ನನ್ನ ಬಾಯಿಂದಲೇ ನನ್ನ ಕೋವಿ ಮೂಕವಾಯಿತು ಎಂದು ಬೆಳಿಗ್ಗೆಯಿಂದ ಅಂದುಕೊಳ್ಳುತ್ತಿದ್ದ. ಆ ತಪ್ಪಿನಲ್ಲಿ ಒಂದು ಥರದ ಸಮಾಧಾನವೂ ಇತ್ತು. ಕೊನೆಗೂ ಅವಳಿಗೆ ನಾಟಿದೆಯಲ್ಲ.

"ನಮ್ ಜೇಬಲ್ಲಿರೋದೂ ಇವನ ಮನೇದೇ ಅಲ್ವಾ?" ಎಂದು ರೇಮಂಡ್ ಇದ್ದಕ್ಕಿದ್ದಂತೆ ಅಂದ. ಜೇಬುಗಳಿಂದ, ಸೊಂಟದ ಪಟ್ಟಿಗಳಿಂದ ತೋಟಾಗಳು ಮೇಜಿನ ಮೇಲೆ ಬಂದವು, ಅವರವರ ಮುಂದೆ ಅವರವರದು, ಇಸ್ಪೀಟಿನ ಎಲೆಗಳ ಹಾಗೆ. ಎಲ್ಲವೂ ಥರ್ಟಿ-ಆಟ್-ಸಿಕ್ಸ್ ಎಂಬ ಒಂದೇ ಅಳತೆಯವು. ಯುದ್ಧದಿಂದ ಹಿಂತಿರುಗಿದ ಅಪ್ಪಂದಿರ ಕಾಲದಿಂದ ಈ ಕಡೆಯ ಕಾಡಿನಲ್ಲಿ ಬೇರೆ ತೋಟಾ ನಂಬುವವರು ಕಡಿಮೆ. ಒಲೆಯ ಬೆಳಕಿಗೆ ಹೊಳೆಯುತ್ತಿದ್ದವು. ಬೇಸಿಗೆ ಮುಗಿಯುವಾಗಲೇ ಮಾಡಿ ಹಂಚಿದವು ಇವು.

ತೌನೊ ಮುಷ್ಟಿಯ ಗುಂಡನ್ನು ಜೇಬಿಗೆ ಹಾಕಿಕೊಂಡು ಮೇಜಿನ ಹತ್ತಿರ ಹೋದ. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಸರಸರ. ಕೆಳಗಿಟ್ಟ. ಇನ್ನೊಂದು.

"ಡಾಕ್ಟ್ರು ಬಂದ್ರು, ಡಾಕ್ಟ್ರು," ಎಂದ ರೇಮಂಡ್. "ಎದೆ ಬಡಿತ ನೋಡ್ತಿದಾರೆ."

"ಬಾಣಂತಿ ಹೇಗಿದಾಳೆ ಕೇಳು," ಎಂದ ಸುಲೊ.

ತೌನೊಗೆ ಅವರ ಮಾತು ದೂರದಲ್ಲಿತ್ತು. ಪ್ರತಿ ತೋಟಾದೊಳಗಿನ ಸಣ್ಣ ಸದ್ದು ಮಾತ್ರ ಹತ್ತಿರ. ಮಾತಾಡ್ತು. ಇದೂ ಮಾತಾಡ್ತು. ತುಟಿ ತಾನಾಗಿಯೇ ಅಲ್ಲಾಡುತ್ತಿತ್ತು. ಅಮ್ಮನ ಕಿವಿಯ ಪಕ್ಕ ಎರಡು ಬೆರಳು, ಬೆರಳಿನ ತುದಿಗೆ ಹಿತ್ತಾಳೆಯ ಕಪ್ಪು, ಬಿಳಿಯಾಗುತ್ತಿದ್ದ ಕೂದಲಿನ ಒಂದು ಎಳೆ. ಉಳಿದವರವು ಮುಗಿದವು, ರೇಮಂಡನವು ಮುಗಿದವು. ಸುಲೊನ ಪಟ್ಟಿಯ ಕೊನೆಯ ಮನೆಯಿಂದ ಬಂದ ಒಂದನ್ನು ಎತ್ತಿ ಅಲ್ಲಾಡಿಸಿದ.

ಏನೂ ಇಲ್ಲ.

ಮತ್ತೆ ಅಲ್ಲಾಡಿಸಿದ. ಇನ್ನೊಂದು ಕಿವಿಗೆ ಹಿಡಿದ. ಒಲೆಯಲ್ಲಿ ಸೌದೆ ಚಟ್ ಎಂದಿತು, ಹೊರಗೆ ಯಾರದೋ ನಾಯಿ, ತೋಟಾದೊಳಗೆ ಏನೂ ಇಲ್ಲ. ತೂಕವೂ ಒಂದು ಎಳೆ ಹಗುರ.

ಇದನ್ನು ಮಾಡಿದ್ದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಅವನು ಕಿರುಚಿರಲಿಲ್ಲ. ಬೇಸಿಗೆಯಲ್ಲಿ ಅವನು ಸರೋವರದ ಆಚೆ ದಂಡೆಯಲ್ಲಿ ಮರ ಕಡಿಯುತ್ತ ಗುಡಾರದಲ್ಲಿದ್ದ. ಮನೆಯಲ್ಲಿ ಅವಳೊಬ್ಬಳೇ, ಮಾತಾಡುವವರೇ ಇರಲಿಲ್ಲ. ಕೈ ಮರೆಯುವುದು ದೊಡ್ಡದಲ್ಲ, ಯಾರ ಕೈಯೂ ಮರೆಯುತ್ತದೆ, ಅದಕ್ಕೇ ಅಲ್ಲವೇ ಕಿವಿಗೆ ಹಿಡಿಯುವುದು? ಇದನ್ನೂ ಅವಳು ಕಿವಿಗೆ ಹಿಡಿದಳು. ಅಲ್ಲಾಡಿಸಿದಳು. ತಲೆಯಾಡಿಸಿದಳು. ಪೆಟ್ಟಿಗೆಗೆ ಹಾಕಿದಳು.

ಅವಳಿಗೆ ಮಾತಾಡಿದ್ದೂ ಕೇಳಿಸುತ್ತಿಲ್ಲ, ಮಾತಾಡದ್ದೂ ಕೇಳಿಸುತ್ತಿಲ್ಲ.

ತೋಟಾ ಹಿಡಿದೇ ನಿಂತ. ಅಡುಗೆಮನೆ ಅವನೊಳಗೆ ಒಂದೊಂದೇ ಸಾಮಾನು ಸರಿಸಿಕೊಂಡು ಬೇರೆಯಾಗತೊಡಗಿತು. ಚಳಿಗಾಲದಿಂದ ರೇಡಿಯೋ ಹಾಕುವುದನ್ನೇ ಬಿಟ್ಟಿದ್ದಳು. ಅಪ್ಪ ಸತ್ತ ದುಃಖ ಅಂದುಕೊಂಡಿದ್ದ. ಕಾಫಿ ಉಕ್ಕಿ ಒಲೆಯ ಮೇಲೆ ಸುಟ್ಟು ಹೊಗೆಯಾದರೂ ಕೂತೇ ಇರುತ್ತಿದ್ದಳು. ಬೇಜವಾಬ್ದಾರಿ ಎಂದು ರೇಗಿದ್ದ. ಅವನು ಮಾತಾಡುವಾಗ ಅವನ ಕಣ್ಣು ಬಿಟ್ಟು ಬಾಯನ್ನೇ ನೋಡುತ್ತಿದ್ದಳು. ಕುಡಿದು ಬಂದಿದ್ದೇನೆಯೇ ಎಂದು ಮೂಸುತ್ತಿದ್ದಾಳೆ ಅಂದುಕೊಂಡು ಮುಖ ತಿರುಗಿಸಿದ್ದ. ಮುಖ ತಿರುಗಿಸಿದ್ದ! ಚರ್ಚಿನಲ್ಲಿ ಎಲ್ಲರೂ ಕೂತ ಮೇಲೂ ಒಬ್ಬಳೇ ನಿಂತಿದ್ದಾಗ ನಾಚಿಕೆಯಿಂದ ಅವಳ ತೋಳು ಹಿಡಿದು ಎಳೆದಿದ್ದ. ಮತ್ತೆ ಆ ಸಂಜೆಯ ಬೆನ್ನು. ಕಲ್ಲಿನಂಥ ಬೆನ್ನು. ಅದು ಕಲ್ಲಾಗಿರಲಿಲ್ಲ. ತನ್ನ ಹಿಂದೆ ಮಗ ಬಂದು ನಿಂತಿದ್ದಾನೆ, ಬಾಯಿ ತೆರೆದು ಕಿರುಚುತ್ತಿದ್ದಾನೆ ಎಂದು ಗೊತ್ತೇ ಇಲ್ಲದ, ಅವನ ಬೇಟೆಗೆ ಮದ್ದು ತೂಗುತ್ತ ಸುಖವಾಗಿ ಕೂತಿದ್ದ ಒಂದು ಬೆನ್ನು. ಅವನು ಕೆಲಸ ಬಿಟ್ಟದ್ದು ಅವಳಿಗೆ ಇನ್ನೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆಯೂ ಊಟದ ಡಬ್ಬಿಯನ್ನು ಕೈಗಿಟ್ಟು, ಅವನ ತುಟಿಯನ್ನೇ ನೋಡುತ್ತ ಕಾದಳು. ಅವನು ಏನೂ ಹೇಳದೆ ಹೊರಟುಬಂದ.

ಗೊತ್ತಿದ್ದೂ ಅವಳು ಅಲ್ಲಾಡಿಸುತ್ತಾಳೆಯೇ? ಕಿವಿ ಹೋದದ್ದು ತನಗೆ ಗೊತ್ತಿದ್ದೂ, ಅಭ್ಯಾಸಕ್ಕೆ, ಹಳೆಯ ಭಾನುವಾರಗಳಿಗೋಸ್ಕರ, ಬೆರಳಲ್ಲಿ ಹಿಡಿದು ಕಿವಿಗಿಟ್ಟು 'ಮಾತಾಡ್ತು' ಎಂದುಕೊಳ್ಳುತ್ತಾಳೆಯೇ? ಅಪ್ಪ ನಡುಗುವ ಕೈಯನ್ನು ಹಿಡಿಕೆಯ ಮೇಲೆ ಊರಿ ಕೂರುತ್ತಿದ್ದ ಹಾಗೆ?

ಕೈ ತಾನಾಗಿ ಜೇಬಿಗೆ ಹೋಯಿತು. ಮಾತಾಡದ ತೋಟಾ ಬೆಳಿಗ್ಗೆಯ ಗುಂಡಿನ ಪಕ್ಕ ಬಿದ್ದು ಟಿಣ್ ಎಂದಿತು. ಮೇಜಿನ ಮೇಲೆ ಇನ್ನೆರಡು ಉಳಿದಿದ್ದವು. ಅವನ್ನೂ ಎತ್ತಿ ಕಿವಿಗಿಟ್ಟು ನೋಡಿ, ಸುಲೊನ ಕಡೆಗೆ ಸರಿಸಿದ.

"ಏಯ್! ಜೇಬಿಗೆ ಏನ್ ಹಾಕ್ಕೊಂಡೆ?" ಎಂದ ಸುಲೊ. "ನಂದು ಅದು. ಇಡು ಇಲ್ಲಿ."

ತೌನೊ ಗೋಡೆಗೆ ಒರಗಿಸಿದ್ದ ಕೋವಿ ತೆಗೆದುಕೊಂಡ. ಈಗ ಆ ತೋಟಾವನ್ನು ಮೇಜಿನ ಮೇಲಿಟ್ಟು, ಇದು ನಿನ್ನ ಪಟ್ಟಿಯಲ್ಲಿತ್ತು ಚಿಕ್ಕಪ್ಪ, ಸಂಜೆ ನೀನು ಇದನ್ನೇ ಏರಿಸಿ, ಟಪ್ ಎಂದ ಮೇಲೂ ಜಿಂಕೆಯ ಆಸೆಗೆ ಇನ್ನೊಂದು ಒತ್ತುತ್ತಿದ್ದೆ, ನಿನಗೆ ಯಾರೂ ಕೈ ತೆಗಿ ಎಂದು ಕಲಿಸಿಲ್ಲ, ಎನ್ನಬಹುದಿತ್ತು. ಆ ಮಾತು ಹೇಗಿರುತ್ತದೆಂದು ಬಾಯಲ್ಲಿ ರುಚಿ ನೋಡಿದ. ಚೆನ್ನಾಗಿತ್ತು. ಆ ಮಾತಿನ ಮರುದಿನವೇ ಇವರು ಯಂತ್ರ ಬಿಚ್ಚಲು ಸ್ಪ್ಯಾನರ್ ಹಿಡಿದು ಅಂಗಳದಲ್ಲಿ ನಿಂತಿರುತ್ತಾರೆ, ಹೆಜ್ಜೆಯ ಸದ್ದು ಕೇಳದ ಅಮ್ಮ ತನ್ನ ಕುರ್ಚಿಯಿಂದ ಏಳದೆ ಸಿಕ್ಕಿಬೀಳುತ್ತಾಳೆ.

"ಕದ್ಕೊಂಡು ಹೋಗ್ತಿದಾನೆ ನೋಡ್ರೋ," ಎಂದ ರೇಮಂಡ್, ಅರ್ಧ ನಗುತ್ತ.

"ಹೋಗ್ಲಿ ಬಿಡು, ಒಂದು ತೋಟಾ," ಎಂದ ಪೆಂಟಿ. "ತೌನೊ, ಸೂಪು ಕುಡಿದು ಹೋಗೋ."

ಬಾಗಿಲು ತೆಗೆದ. ಚಳಿ ಕತ್ತರಿಸಿದ ಅಂಗಿಯ ಬಾಲದಿಂದ ಒಳಗೆ ನುಗ್ಗಿ ಬೆನ್ನು ಸವರಿತು. ಮನೆಯ ದಾರಿಯಲ್ಲಿ ಬೆಳಗಿನ ಅವನದೇ ಹೆಜ್ಜೆಗಳು ಅರ್ಧ ತುಂಬಿಹೋಗಿದ್ದವು. ಹೋಗಿ ಎದುರಿಗೆ ನಿಲ್ಲಬೇಕು, ಹಿಂದೆ ಅಲ್ಲ. ಬೆಳಕು ತನ್ನ ಬಾಯ ಮೇಲೆ ಬೀಳುವ ಹಾಗೆ ಕಿಟಕಿಯ ಕಡೆ ಮುಖ ಮಾಡಿ, ಪಕ್ಕದ ಕುರ್ಚಿ ಎಳೆದುಕೊಂಡು, ಅವಳು ಮುಗಿಸಿದ್ದನ್ನು ಒಂದೊಂದಾಗಿ ತೆಗೆದುಕೊಂಡು ಕಿವಿಗೆ ಹಿಡಿಯಬೇಕು.

"ಯಂತ್ರ ತರ್ತೀಯೋ ಇಲ್ವೋ, ಅದನ್ನ ಹೇಳಿ ಹೋಗು!" ಸುಲೊ ಬಾಗಿಲಿಗೆ ಬಂದು ಕೂಗಿದ. ಕೈಯಲ್ಲಿ ಸುತ್ತಿಗೆ ಇತ್ತು, ಇನ್ನೊಂದು ಕೈಯಲ್ಲಿ ಕೆಂಪು ಚೌಕಳಿಯ ತುಂಡು. "ಏಯ್ ತೌನೊ! ನಿನಗೇ ಹೇಳ್ತಿರೋದು! ಕಿವುಡಾಯ್ತೇನೋ ನಿಂಗೆ?"

ಹಿಮ ಕಾಲಡಿಯಲ್ಲಿ ಕಿರುಗುಟ್ಟಿತು. ದೂರದ ಮರದಿಂದ ಒಂದು ಹಿಡಿ ಹಿಮ ಜಾರಿ ಬಿತ್ತು. ಜೇಬಿನಲ್ಲಿ ಗುಂಡಿಗೆ ತೋಟಾ ತಾಗುತ್ತಿತ್ತು. ಹಿಂದೆ, ಗೋಡೆಗೆ ಮೊಳೆ ಹೊಡೆಯುವ ಸದ್ದು. ಎಲ್ಲವೂ ಅವನಿಗೆ ಕೇಳಿಸುತ್ತಿತ್ತು, ಒಂದೊಂದೂ ಸ್ಪಷ್ಟವಾಗಿ. ಅವನು ತಿರುಗಲಿಲ್ಲ.